ಪೇಟಿ ಜಡೆಪ್ಪನ ಕಿವಿ, ಈಶ್ವರನ ಟೈಲ್ಸು

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಈಶ್ವರನಿಗೆ ಜಗತ್ತಿನಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಧೂಳೊಂದನ್ನು ಬಿಟ್ಟು. ಗಿರಣಿಯವರ ಕಷ್ಟ ಗಿರಣಿಯವರಿಗೇ ಗೊತ್ತು. ಬೆಳಗ್ಗೆ ಹಾಕಿದ ಬಿಳಿ ಅಂಗಿ ಮಧ್ಯಾಹ್ನಕ್ಕೆ ಹೊಟ್ಟಿನ ಬಣ್ಣಕ್ಕೆ ತಿರುಗಿರುತ್ತದೆ, ಚಹಾದ ಮೇಲೆ ತೌಡು ತೇಲುತ್ತದೆ, ದೇವರ ಪಟದ ಗಾಜನ್ನು ಎಷ್ಟು ಒರೆಸಿದರೂ ದೇವರ ಮುಖ ಮಸುಕಾಗಿಯೇ ಇರುತ್ತದೆ. ಇಂಥವನ ಕೈಗೆ ಊರಿನವರು ಸಮುದಾಯ ಭವನ ಕಟ್ಟಿಸುವ ಉಸ್ತುವಾರಿ ಕೊಟ್ಟರೆ ಇನ್ನೇನಾದೀತು? ನೆಲಕ್ಕೆ ಹಾಕುವ ನುಣುಪು ಟೈಲ್ಸನ್ನು ಗೋಡೆಗೂ ಹಾಕಿಸಿದ. ಸೊಂಟದೆತ್ತರಕ್ಕಲ್ಲ, ಆಳೆತ್ತರಕ್ಕೂ ಅಲ್ಲ, ಸೀದಾ ಸೂರಿನವರೆಗೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಧೂಳಿನ ಹುಟ್ಟಡಗಿತು ಎಂದು ಬಂದವರಿಗೆಲ್ಲ ಅಂಗೈಯಿಂದ ಗೋಡೆ ಸವರಿ ತೋರಿಸುತ್ತಿದ್ದ. ಜನ ಗೋಡೆಯಲ್ಲಿ ತಮ್ಮ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡು ಹೋಗುತ್ತಿದ್ದರು.

ಉದ್ಘಾಟನೆಯ ದಿನ ಬಳ್ಳಾರಿಯಿಂದ ಬಂದ ಅತಿಥಿಗಳು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರು ಎಂಬುದು ಮಾತ್ರ ಇವತ್ತಿಗೂ ಕಂಪ್ಲಿಗೆ ತಿಳಿದಿಲ್ಲ. ಭವನದ ತುಂಬ ಗುಂಯ್ ಎಂಬ ಒಂದೇ ಸದ್ದು. ಅವರು ಬಾಯಿ ಮುಚ್ಚಿದ್ದನ್ನು ಕಣ್ಣಾರೆ ಕಂಡ ಮೇಲೆ ಭಾಷಣ ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯೂ ಗೋಡೆಯಿಂದ ಗೋಡೆಗೆ ಹಾರಿ ಯಾವಾಗಲೋ ನಿಂತಿತು. ಸ್ಪೀಕರ್ ಸಣ್ಣದಾಯಿತು ಎಂದು ಒಬ್ಬರು ಹೇಳಿದ್ದಕ್ಕೆ ಈಶ್ವರ ಎರಡು ದೊಡ್ಡ ಸ್ಪೀಕರ್ ತರಿಸಿ ಕೂರಿಸಿದ. ಆಮೇಲೆ ಆ ಗುಂಯ್ ಬಸ್ ಸ್ಟ್ಯಾಂಡಿನವರೆಗೂ ಕೇಳತೊಡಗಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈಶ್ವರನ ಅಣ್ಣ ಜಡೆಪ್ಪನಿಗೆ ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ, ಜಡೆಪ್ಪನಿಗೆ ಪೇಟಿ ಜಡೆಪ್ಪ ಎನ್ನುತ್ತಾರೆ. ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ, ತಾನು ಬಯಲಾಟದವರಿಗೆ ಹಾಡು, ಮಾತು, ಹೆಜ್ಜೆ ಕಲಿಸುತ್ತ ತಲೆ ನೆರೆಸಿಕೊಂಡ ಮನುಷ್ಯ. ಅವನ ತಾಲೀಮು ನಡೆಯುತ್ತಿದ್ದುದು ಗಿರಣಿಯ ಮುಂದೆ ಭತ್ತ ಒಣಗಿಸುವ ಕಣದಲ್ಲಿ, ಬಯಲಿನಲ್ಲಿ. ಈ ವರ್ಷ ಮಳೆ ಮುಂಚೆಯೇ ಹಿಡಿಯಿತು, ಭವನವೂ ಸಿದ್ಧವಿತ್ತು. ತಾಲೀಮು ಒಳಗೆ ಬಂತು. ಭವನದ ಮೊದಲ ಆಟ ನಮ್ಮದೇ ಆಗಬೇಕು ಎಂದು ಎಲ್ಲರೂ ಹುರುಪಿನಲ್ಲಿದ್ದರು.

ಒಳಗೆ ಬಂದ ಮೊದಲ ವಾರವೇ ಜಡೆಪ್ಪ ತಪ್ಪತೊಡಗಿದ. ಪಾತ್ರಧಾರಿ ತನ್ನ ಹಾಡಿನ ಪದ ಮುಗಿಸಿದ್ದಾನೋ ಇಲ್ಲವೋ ತಿಳಿಯದೆ ಪೇಟಿ ಮೊದಲೇ ಎತ್ತುವನು, ಇಲ್ಲವೇ ಎತ್ತುವುದನ್ನೇ ಮರೆತು ಕೂರುವನು. ಮದ್ದಳೆಯವನು ಕಣ್ಣು ಮಿಟುಕಿಸಿ ಸನ್ನೆ ಮಾಡಬೇಕಾಯಿತು. ಯಾರ ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತಿಲ್ಲ, ಎಲ್ಲವೂ ಕಲಸಿದಂತಿದೆ ಎಂದು ಮನೆಯಲ್ಲಿ ಹೇಳಿಕೊಂಡ. ಉಳಿದವರನ್ನು ಕೇಳಿದರೆ ನಮಗೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ ಎಂದರು. ಹೊಸಪೇಟೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿದೆ, ಗಾಬರಿಯಾಗುವಂಥದ್ದೇನಿಲ್ಲ ಎಂದು ಒಂದು ಮಿಷನ್ನು ಕೊಟ್ಟರು. ಅದನ್ನು ಹಾಕಿಕೊಂಡು ಭವನದಲ್ಲಿ ಕೂತರೆ ಗುಂಯ್ ಇನ್ನೂ ಜೋರಾಯಿತು. ಮಿಷನ್ನು ಅಂಗಿಯ ಜೇಬು ಸೇರಿತು.

ಕೊನೆಗೆ ಅವನು ತಂಡದವರನ್ನು ಕೂರಿಸಿಕೊಂಡು, ಕಿವಿ ಹೋದ ಮೇಲೆ ಮಾಸ್ತರಿಕೆ ಮಾಡಬಾರದು, ಬರುವ ಭಾನುವಾರದ ತಾಲೀಮಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟ. ಹೊಸಪೇಟೆಯಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬನಿಗೆ ಹೇಳಿಕಳಿಸಿದ್ದೂ ಆಯಿತು. ಮನೆಯವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಜಡೆಪ್ಪ ಒಮ್ಮೆ ಪೇಟಿ ಮುಚ್ಚಿದನೆಂದರೆ ಮತ್ತೆ ತೆಗೆಯುವ ಮನುಷ್ಯನಲ್ಲ.

ಇದೇ ಹೊತ್ತಿಗೆ ಈಶ್ವರನ ಮಗಳು ಪೂಜಿತಾ ಓದು ಮುಗಿಸಿ ಊರಿಗೆ ಬಂದಳು. ಅವಳು ಓದಿದ ವಿದ್ಯೆಯ ಹೆಸರು ಆರ್ಕಿಟೆಕ್ಚರಲ್ ಇಂಜಿನಿಯರಿಂಗ್. ಕಂಪ್ಲಿಯಲ್ಲಿ ಅದನ್ನು ಒಂದೇ ಉಸಿರಿಗೆ ಹೇಳಿದವರು ಇನ್ನೂ ಹುಟ್ಟಬೇಕು. ಮನೆ ಪ್ಲಾನ್ ಬರೆಯುತ್ತೀಯಾ ಎಂದು ಕೇಳಿದರೆ ಹೌದು ಎನ್ನುವಳು, ಕಂಬಿ ಲೆಕ್ಕ ಹಾಕುತ್ತೀಯಾ ಎಂದರೆ ಅದಕ್ಕೂ ಹೌದು ಎನ್ನುವಳು. ಹಾಗಾದರೆ ಹೊಸದೇನು ಕಲಿತೆ ಎಂದರೆ ಮುಗಿಯಿತು, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ ಶುರುಮಾಡುವಳು. ಕಟ್ಟಡ ಬೀಳದೆ ನಿಂತರೆ ಸಾಲದು, ನೋಡಲು ಚಂದವಿದ್ದರೂ ಸಾಲದು, ಒಳಗೆ ಮನುಷ್ಯ ಇರುವಂತಿರಬೇಕು. ಮಧ್ಯಾಹ್ನದ ಬಿಸಿಲು ಗೋಡೆಯೊಳಗೆ ನಡೆದು ಯಾವಾಗ ಒಳಗೆ ಬರುತ್ತದೆ, ಗಾಳಿ ಯಾವ ಕಿಟಕಿಯಿಂದ ಹೊಕ್ಕು ಯಾವುದರಿಂದ ಹೋಗುತ್ತದೆ, ದೀಪ ಪುಸ್ತಕದ ಮೇಲೆ ಬೀಳುತ್ತದೋ ಕಣ್ಣಿಗೆ ಚುಚ್ಚುತ್ತದೋ, ಬಾಯಿಂದ ಹೊರಟ ಮಾತು ಎಲ್ಲಿಗೆ ಹೋಗುತ್ತದೆ. ಕೇಳಿದವರು ಹೌದವ್ವ ಹೌದು ಎಂದು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಬಂದ ಸಂಜೆಯೇ ಅಪ್ಪ ಅವಳನ್ನು ಭವನ ತೋರಿಸಲು ಕರೆದುಕೊಂಡು ಹೋದ. ಒಳಗೆ ಕಾಲಿಟ್ಟವಳಿಗೆ ಒಂದು ಕೆಮ್ಮು ಬಂತು. ಕೆಮ್ಮು ಎದುರಿನ ಗೋಡೆಗೆ ಹೋಯಿತು, ಅಲ್ಲಿಂದ ಪಕ್ಕಕ್ಕೆ, ಅಲ್ಲಿಂದ ಸೂರಿಗೆ. ಪೂಜಿತಾ ತಲೆ ಎತ್ತಿ ಅದು ಹೋದ ದಾರಿಯನ್ನೇ ನೋಡುತ್ತ ನಿಂತಳು. ಅವಳ ಮುಖ ಅರಳಿತು. ಇನ್ನೊಮ್ಮೆ ಬೇಕೆಂದೇ ಕೆಮ್ಮಿದಳು, ಚಿಟಿಕೆ ಹೊಡೆದಳು, ಮೂಲೆಗೆ ಓಡಿ ಚಪ್ಪಾಳೆ ತಟ್ಟಿದಳು. ಪರೀಕ್ಷೆಯಲ್ಲಿ ತನಗೆ ಗೊತ್ತಿರುವ ಪ್ರಶ್ನೆಯೇ ಬಂದರೆ ಆಗುವಂಥ ಖುಷಿ ಅದು. ಟೈಲ್ಸ್ ಮಗಳಿಗೆ ಹಿಡಿಸಿಬಿಟ್ಟಿವೆ ಎಂದುಕೊಂಡ ಈಶ್ವರ ಎದೆಯುಬ್ಬಿಸಿ, ಅವುಗಳ ಗುಣಗಾನ ಶುರುಮಾಡಿದ. ಅದರಲ್ಲಿ ಒಂದು ಮಾತೂ ಮಗಳಿಗೆ ಅರ್ಥವಾಗಲಿಲ್ಲ, ಗೋಡೆಗಳು ಅರ್ಥವಾಗಲು ಬಿಡಲಿಲ್ಲ.

ಮನೆಗೆ ಬಂದು ದೊಡ್ಡಪ್ಪನ ಸುದ್ದಿ ಕೇಳಿದ ಮೇಲೆ ಖುಷಿ ಅರ್ಧಕ್ಕೆ ನಿಂತಿತು. ಅರ್ಧ ಮಾತ್ರ. ಯಾಕೆಂದರೆ ಎರಡೂ ಸಂಗತಿ ಅವಳ ತಲೆಯಲ್ಲಿ ಆ ಕ್ಷಣವೇ ಒಂದಕ್ಕೊಂದು ಕೂಡಿಕೊಂಡವು. ಮರುದಿನ ಹುಟ್ಟುಹಬ್ಬಕ್ಕೆ ಕಟ್ಟುವ ಬಲೂನುಗಳನ್ನು ತಂದು ಭವನದ ಮೂಲೆಮೂಲೆಯಲ್ಲಿ ಒಡೆದು, ಆ ಸದ್ದು ಸಾಯಲು ಎಷ್ಟು ಹೊತ್ತು ಬೇಕೆಂದು ಫೋನಿನಲ್ಲಿ ಅಳೆದಳು. ಗಿರಣಿಯಲ್ಲಿ ಹರಿದ ಗೋಣಿಚೀಲ ಹೊಲಿಯುವ ಹುಸೇನಮ್ಮ ಬಾಗಿಲಲ್ಲಿ ನಿಂತು ನೋಡಿ, ಓದಿ ಓದಿ ಹುಡುಗಿಗೆ ಏನೋ ಆಗಿದೆ ಎಂದು ಮನೆಯಲ್ಲಿ ಹೇಳಿ ಬಂದಳು.

ಪೂಜಿತಾ ದೊಡ್ಡಪ್ಪನ ಮುಂದೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು.

"ದೊಡ್ಡಪ್ಪಾ, ಕೆಟ್ಟಿದ್ದು ನಿಮ್ಮ ಕಿವಿ ಅಲ್ರಿ, ಗೋಡಿ. ಒಂದು ಮಾತು ಮುಗಿಯೂದ್ರೊಳಗ ಹಿಂದಿನ ಮಾತು ತಿರುಗಿ ಬಂದು ಅದರ ಮ್ಯಾಲ ಬೀಳತೈತಿ. ಸಣ್ಣ ವಯಸ್ಸಿನೋರು ಹೆಂಗೋ ಅದನ್ನ ಬಿಡಿಸಿಕೊಂತಾರ. ವಯಸ್ಸಾದ ಕಿವಿಗೆ ಬಿಡಿಸಿಕೊಳ್ಳಾಕ ಆಗಂಗಿಲ್ಲ. ಬಯಲಾಗ ಗೋಡಿ ಇರಲಿಲ್ಲ, ಅದಕ್ಕ ಕೇಳಸ್ತಿತ್ತು."

ಜಡೆಪ್ಪ ಅವಳ ತಲೆ ಸವರಿದ. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡ. ಗೋಡೆಯ ತಪ್ಪಾಗಿದ್ದರೆ ಉಳಿದವರಿಗೂ ಕೇಳಿಸಬಾರದಿತ್ತಲ್ಲ, ಅವರೆಲ್ಲ ಸರಿಯಾಗಿ ಕೇಳಿಸುತ್ತದೆ ಅನ್ನುತ್ತಾರೆ ಎಂದ. ಪೂಜಿತಾ ಅದಕ್ಕೆ ಬಗ್ಗಲಿಲ್ಲ. ಭಾನುವಾರ ಒಂದು ಸಲ ಪೇಟಿ ಹಿಡಿದು ಕೂತುಕೊಳ್ಳಿ, ಅಷ್ಟರಲ್ಲಿ ಭವನವನ್ನು ಸರಿಮಾಡುತ್ತೇನೆ, ಆಮೇಲೆ ನಿಮಗೆ ತೋಚಿದಂತೆ ಮಾಡಿ ಎಂದು ಹಟ ಹಿಡಿದಳು. ಅವಳು ಮಗುವಾಗಿದ್ದಾಗಿನಿಂದಲೂ ಅವಳ ಹಟಕ್ಕೆ ಸೋತವನು ಈಗಲೂ ಸೋತ.

ಉಳಿದದ್ದು ಅಪ್ಪ. ನಿನ್ನ ಟೈಲ್ಸೇ ತೊಂದರೆ ಎಂದು ಹೇಳಿದಾಗ ಈಶ್ವರನಿಗೆ ತನ್ನ ಮಗಳು ಧೂಳಿನ ಪಕ್ಷ ಸೇರಿದಂತೆನಿಸಿತು. ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ತನಗೆ ತಾನೇ ಜಾಣ ಎನಿಸುವಂಥ ಒಂದು ಪ್ರಶ್ನೆ ಎಸೆದ.

"ಹಂಪ್ಯಾಗ ಎಲ್ಲಾ ಕಲ್ಲೇ ಐತಿ. ಕಲ್ಲಿಗಿಂತ ಗಟ್ಟಿ ನನ್ನ ಟೈಲ್ಸೇನು? ಅಲ್ಲಿ ಯಾಕ ಗುಂಯ್ ಅನ್ನಂಗಿಲ್ಲ?"

ಪೂಜಿತಾ ಕುಣಿದುಬಿಟ್ಟಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕ್ಲಾಸಿನಲ್ಲೂ ಯಾರೂ ಕೇಳಿರಲಿಲ್ಲ ಎಂದು ಅಪ್ಪನನ್ನು ಅಲ್ಲಿಂದಲೇ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟಳು. ಕಬ್ಬಿನ ಗದ್ದೆ, ಬಾಳೆತೋಟ, ಕಮಲಾಪುರದ ಸಂತೆಯ ಗದ್ದಲ ಎಲ್ಲ ದಾಟಿ, ಹಂಪಿಯ ಬಜಾರಿನ ಸಾಲುಮಂಟಪವೊಂದರ ನಡುವೆ ಅವನನ್ನು ನಿಲ್ಲಿಸಿ ಚಪ್ಪಾಳೆ ತಟ್ಟು ಎಂದಳು. ಈಶ್ವರ ಅತ್ತಿತ್ತ ನೋಡಿ ಸಣ್ಣಗೆ ತಟ್ಟಿದ. ಸದ್ದು ಟಪ್ಪೆಂದು ಹುಟ್ಟಿ ಅಲ್ಲೇ ಮುಗಿಯಿತು. ಎಲ್ಲಿಗೆ ಹೋಯಿತು ಎಂದು ಮಗಳು ಕೇಳಿದಳು. ಅವನು ಸುತ್ತ ನೋಡಿದ. ಮೂರು ಕಡೆ ಬಯಲು, ನಾಲ್ಕನೆಯ ಕಡೆ ಕಂಬಗಳ ಸಾಲು, ಕಂಬದ ಮೈತುಂಬ ಕೆತ್ತನೆ. ಹೋಗುವ ಸದ್ದು ಬಯಲಿಗೆ ಹೋಗುತ್ತದೆ, ಉಳಿದದ್ದು ಈ ಅಂಕುಡೊಂಕಿಗೆ ಬಡಿದು ಪುಡಿಯಾಗುತ್ತದೆ, ಒಟ್ಟಾಗಿ ತಿರುಗಿ ಬರುವುದಿಲ್ಲ ಎಂದು ಅವಳು ವಿವರಿಸಿದಳು. ನಮ್ಮ ಭವನದಲ್ಲಿ ನಾಲ್ಕೂ ಕಡೆ ಮುಚ್ಚಿದೆ, ನಾಲ್ಕೂ ಕಡೆ ನುಣುಪು. ಬಂದ ಸದ್ದಿಗೆ ಹೊರಗೆ ಹೋಗಲು ದಾರಿಯೇ ಇಲ್ಲ.

ಈಶ್ವರ ಕಂಬದ ಕೆತ್ತನೆಯನ್ನು ಅಂಗೈಯಿಂದ ಸವರಿ ನೋಡಿದ. ಆಮೇಲೆ ಇನ್ನೊಂದು ಚಪ್ಪಾಳೆ ಹೊಡೆದ, ಈ ಸಲ ಜೋರಾಗಿ. ಪಕ್ಕದ ಮಂಟಪಕ್ಕೆ ಹೋಗಿ ಅಲ್ಲೂ ಹೊಡೆದ. ಒಂದು ಕಂಬದ ಹಿಂದೆ ನಿಂತು ಹೂಂ ಎಂದ. ಪ್ರವಾಸಿಗರು ಇದೇನೋ ಇಲ್ಲಿಯ ಪದ್ಧತಿ ಇರಬೇಕೆಂದು ತಾವೂ ಚಪ್ಪಾಳೆ ತಟ್ಟಿ ನೋಡಿದರು. ಅಪ್ಪನ ಕಣ್ಣಲ್ಲಿ ತನ್ನದೇ ಹುಚ್ಚು ಹೊಳೆಯುತ್ತಿರುವುದನ್ನು ಕಂಡು ಪೂಜಿತಾಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ವಾಪಸು ಬರುವಾಗ ಕಮಲಾಪುರದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ, ಹಾಗಾದರೆ ಟೈಲ್ಸ್ ಕೀಳಬೇಕೇನು ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ. ಒಂದನ್ನೂ ಕೀಳಬೇಕಿಲ್ಲ, ಅವುಗಳ ಮುಂದೆ ಮೆತ್ತನೆಯದೇನಾದರೂ ಇಳಿಬಿಟ್ಟರೆ ಸಾಕು ಎಂದಾಗ ಇನ್ನೊಂದು ಪ್ಲೇಟು ಮಿರ್ಚಿ ತರಿಸಿದ.

ಮೆತ್ತನೆಯದು ಎಂದರೆ ಕೌದಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಕಿ ಹೊಲಿದ ಕೌದಿ ಯಾವ ಮನೆಯಲ್ಲಿಲ್ಲ? ಪೂಜಿತಾ ಕೇಳಿದ್ದೇ ತಡ, ಓಣಿಯ ಹೆಂಗಸರು ತಮ್ಮ ತಮ್ಮ ಕೌದಿ ಹೊತ್ತು ತಂದರು. ಹುಸೇನಮ್ಮ ಮುಂದೆ ನಿಂತು ತನ್ನದೇ ಎಲ್ಲಕ್ಕಿಂತ ದಪ್ಪ ಎಂದು ಸಾಧಿಸಿದಳು. ಶುಕ್ರವಾರದ ಹೊತ್ತಿಗೆ ಭವನದ ಗೋಡೆಗೆ ಒತ್ತಿಕೊಂಡಂತೆ ಕೆಂಪು, ಹಳದಿ, ಹಸಿರು ಕೌದಿಗಳು ಇಳಿಬಿದ್ದವು. ಚಪ್ಪಾಳೆ ತಟ್ಟಿದರೆ ಸದ್ದು ಹಿಂದಿನಷ್ಟು ಓಡಾಡಲಿಲ್ಲ. ಪೂಜಿತಾ ಉಬ್ಬಿಹೋದಳು. ಭಾನುವಾರದವರೆಗೆ ಕಾಯಲಾಗದೆ ಅಂದೇ ಸಂಜೆ ತಂಡವನ್ನು ಕರೆಸಿ, ದೊಡ್ಡಪ್ಪನನ್ನು ಕೈಹಿಡಿದು ಕರೆತಂದು ಪೇಟಿಯ ಮುಂದೆ ಕೂರಿಸಿದಳು.

ಮದ್ದಳೆಯವನು ಕೈ ಇಟ್ಟ. ಮದ್ದಳೆಯ ದಪ್ಪ ಸದ್ದು ಭವನದ ತುಂಬ ಮೊದಲಿನಂತೆಯೇ ಗುಡುಗುಡು ಉರುಳಾಡಿತು. ಹಾಡುವವರ ದನಿಯ ಮೊನೆಯನ್ನು ಮಾತ್ರ ಕೌದಿಗಳು ಚೆನ್ನಾಗಿ ನುಂಗಿಹಾಕಿದ್ದವು. ಮೊದಲು ಕಲಸಿಕೊಂಡಾದರೂ ಕೇಳುತ್ತಿದ್ದ ಮಾತು ಈಗ ಗುಡುಗಿನ ಕೆಳಗೆ ಹೂತುಹೋಯಿತು. ಜಡೆಪ್ಪ ಕಣ್ಣು ಮುಚ್ಚಿ, ಕುತ್ತಿಗೆ ಮುಂದೆ ಚಾಚಿ, ಕಷ್ಟಪಟ್ಟು ಕೇಳಿಸಿಕೊಳ್ಳಲು ನೋಡಿದ. ಆಮೇಲೆ ಪೇಟಿಯ ಮೇಲೆ ಅಂಗೈ ಇಟ್ಟು ಹಾಗೆಯೇ ಕೂತ.

"ಬಿಡವ್ವಾ ಪೂಜಿ. ನಿನ್ನ ಗೋಡಿದು ತಪ್ಪಿಲ್ಲ. ನಂದು ಮುಗೀತು."

ಅವನು ಎದ್ದು ಹೋದ ಮೇಲೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಅವಸರದಿಂದ ದೊಡ್ಡಪ್ಪನಿಗಿದ್ದ ಒಂದು ಚೂರು ಆಸೆಯೂ ಹೋಯಿತು ಎಂದು ಅವಳಿಗೆ ಬಹಳ ಸಂಕಟವಾಯಿತು. ಗೊತ್ತಿರುವ ಪ್ರಶ್ನೆ ಎಂದು ಕುಣಿದು, ಪ್ರಶ್ನೆಯನ್ನು ಪೂರ್ತಿ ಓದದೆಯೇ ಉತ್ತರ ಬರೆದಂತಾಗಿತ್ತು. ಬಲೂನು ಒಡೆದರೆ ಬರುವುದು ತೆಳ್ಳನೆ ಸದ್ದು, ಅದನ್ನಷ್ಟೇ ಅಳೆದು ಲೆಕ್ಕ ಮುಗಿಸಿದ್ದಳು. ಮದ್ದಳೆಯನ್ನು ಅಳೆದಿರಲೇ ಇಲ್ಲ. ಬಯಲಾಟಕ್ಕೆ ಭವನ ಸಜ್ಜುಮಾಡುವವಳು ಮದ್ದಳೆಯನ್ನು ಮರೆತಳು ಎಂದರೆ ಯಾರಾದರೂ ನಕ್ಕಾರು.

ಶನಿವಾರ ಬೆಳಗ್ಗೆ ಸಪ್ಪೆ ಮುಖ ಹೊತ್ತು ಗಿರಣಿಗೆ ಹೋಗಿ ಹುಸೇನಮ್ಮನ ಪಕ್ಕ ಕೂತಳು. ಹುಸೇನಮ್ಮ ಕೂರುವುದು ಹೊಟ್ಟು ತುಂಬಿಟ್ಟ ಚೀಲಗಳ ಒಟ್ಟಿಲಿನ ಹಿಂದೆ. ಒಟ್ಟಿಲಿನ ಆ ಕಡೆ ಗಿರಣಿ ತಿರುಗುತ್ತಿತ್ತು. ಹುಸೇನಮ್ಮ ಸಮಾಧಾನದ ಮಾತು ಹೇಳುತ್ತಿದ್ದಳು, ಅದೂ ಪಿಸುದನಿಯಲ್ಲಿ. ಪೂಜಿತಾ ಹೂಂಗುಟ್ಟುತ್ತ ಕೇಳುತ್ತಿದ್ದವಳು ತಟ್ಟನೆ ತಲೆ ಎತ್ತಿದಳು. ಗಿರಣಿಯ ಪಕ್ಕದಲ್ಲಿ ಕೂತು ಪಿಸುಮಾತು ಕೇಳಿಸಿಕೊಳ್ಳುವುದು ಹೇಗೆ ಸಾಧ್ಯ? ಎದ್ದು ಒಟ್ಟಿಲಿನ ಆಚೆ ಹೋದಳು, ಗಿರಣಿಯ ಗಡಗಡ ಎದೆಗೆ ಬಡಿಯಿತು. ಈಚೆ ಬಂದಳು, ಗಡಗಡ ಮೆತ್ತಗಾಯಿತು. ಆಚೆ, ಈಚೆ, ಆಚೆ, ಈಚೆ. ಹುಸೇನಮ್ಮ ಸೂಜಿ ಕೆಳಗಿಟ್ಟು, ಇವಳನ್ನು ಯಾರಿಗಾದರೂ ತೋರಿಸುವುದು ಒಳ್ಳೆಯದು ಎಂದು ಯೋಚಿಸಿದಳು.

ಪೂಜಿತಾಳ ತಲೆಯಲ್ಲಿ ಮೂರನೆಯ ವರ್ಷದ ಪಾಠ ಪುಟಪುಟವಾಗಿ ಬಿಚ್ಚಿಕೊಳ್ಳುತ್ತಿತ್ತು. ತೆಳ್ಳನೆ ಸದ್ದಿನ ಅಲೆ ಗಿಡ್ಡ, ಅದನ್ನು ಹಿಡಿಯಲು ತೆಳ್ಳನೆ ಬಟ್ಟೆ ಸಾಕು. ದಪ್ಪ ಸದ್ದಿನ ಅಲೆ ಉದ್ದ, ಅದನ್ನು ಹಿಡಿಯಲು ದಪ್ಪನೆಯ ವಸ್ತು ಬೇಕು, ಅದರ ಹಿಂದೆ ಗಾಳಿಗೆ ಜಾಗ ಬೇಕು. ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಹಾಳು. ಕೌದಿಗಳನ್ನು ಅವಳು ಗೋಡೆಗೆ ಅಂಟಿಸಿಯೇ ಇಳಿಬಿಟ್ಟಿದ್ದಳು. ದಪ್ಪ, ಹಗುರ, ಒಳಗೆಲ್ಲ ಸಣ್ಣ ಸಣ್ಣ ಸಂದು ಇರುವ ವಸ್ತು ಯಾವುದು ಎಂದು ದೂರದ ಅಂಗಡಿಗಳಲ್ಲಿ ಹುಡುಕಬೇಕಾಗಿಲ್ಲ. ಕಂಪ್ಲಿಯಲ್ಲಿ ಅದು ಗುಡ್ಡದಷ್ಟು ಬಿದ್ದಿದೆ. ಅವಳು ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ತೂರಿ ನಕ್ಕಳು. ಹೊಟ್ಟು ತಲೆಯ ಮೇಲೇ ಬಿತ್ತು.

"ಹುಸೇನವ್ವಾ, ನಾಳಿ ಸಂಜಿ ಒಳಗ ಎಷ್ಟು ಚೀಲ ಹೊಲಿತಿ? ದಿಂಬಿನಂಗ ಚಪ್ಪಟಿ ಇರಬೇಕು."

ಎಷ್ಟು ಬೇಕು ಹೇಳು, ಇನ್ನಿಬ್ಬರನ್ನು ಕರೆಯುತ್ತೇನೆ ಎಂದು ಹುಸೇನಮ್ಮ ಎದ್ದೇಬಿಟ್ಟಳು. ಈಶ್ವರನಿಗೆ ವಿಷಯ ತಿಳಿದಾಗ ಅವನು ಕುರ್ಚಿ ಹಿಡಿದುಕೊಂಡ. ಜೀವಮಾನವೆಲ್ಲ ಯಾವ ಹೊಟ್ಟಿನೊಡನೆ ಹೊಡೆದಾಡಿದನೋ ಅದೇ ಹೊಟ್ಟು ಈಗ ಭವನದ ಗೋಡೆ ಏರುತ್ತಿದೆ. ಇಲಿ ಬರುತ್ತದೆ ಎಂದ. ಮದುವೆಯ ಹೋಮಕ್ಕೆ ಬೆಂಕಿ ಹಾಕಿದರೆ ಗತಿಯೇನು ಎಂದ. ಧೂಳು ಎಂದು ತನ್ನ ಬಿಳಿ ಅಂಗಿಯನ್ನೇ ಹಿಡಿದು ತೋರಿಸಿದ. ಪೂಜಿತಾ ಒಂದೊಂದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಹೊಟ್ಟನ್ನು ಜರಡಿ ಹಿಡಿದು ಧೂಳು ತೆಗೆಯುವುದು, ಹೊಟ್ಟು ಮತ್ತು ಗೋಣಿ ಎರಡನ್ನೂ ಬಿಳಿಗಾರ, ಅಂದರೆ ಬೋರಾಕ್ಸ್ ಕರಗಿಸಿದ ನೀರಿನಲ್ಲಿ ನೆನೆಸಿ ಒಣಗಿಸುವುದು, ಆಗ ಬೆಂಕಿ ಸುಲಭಕ್ಕೆ ಹಿಡಿಯುವುದಿಲ್ಲ, ಹುಳವೂ ಮುಟ್ಟುವುದಿಲ್ಲ. ಎಲ್ಲವೂ ತಲೆಯ ಮೇಲಿನ ಎತ್ತರದಲ್ಲಿ, ಹೋಮದ ಜಾಗದಿಂದ ದೂರ, ಇಲಿಗೆ ಏರಲು ನಿನ್ನ ನುಣುಪು ಟೈಲ್ಸೇ ಅಡ್ಡಿ. ಟೈಲ್ಸಿಗೆ ಹೀಗೊಂದು ಹೊಗಳಿಕೆ ಸಿಕ್ಕಿದ್ದೇ ಈಶ್ವರ ಮೆತ್ತಗಾದ. ಭತ್ತ ಒಣಗಿಸುವ ಡ್ರೈಯರನ್ನೇ ಹೊಟ್ಟು ಒಣಗಿಸಲು ಬಿಟ್ಟುಕೊಟ್ಟ.

ಆಮೇಲೆ ಶುರುವಾದ ಗಡಿಬಿಡಿಯನ್ನು ನೋಡಬೇಕಿತ್ತು. ಸಂಡೂರಿನ ಗಣಿ ದಾರಿಯಲ್ಲಿ ಅದಿರು ಲಾರಿ ಓಡಿಸುವ ತಿಪ್ಪೇಶ, ಅಂದರೆ ಆಟದಲ್ಲಿ ರಾಜನ ಪಾತ್ರ ಮಾಡುವವನು, ರಜೆ ಹಾಕಿ ಬಂದು ಬಿದಿರು ಸೀಳಿ ಚೌಕಟ್ಟು ಕಟ್ಟಿದ. ಹುಸೇನಮ್ಮ ಮತ್ತು ಅವಳ ಜೊತೆಯವರು ಹೊಲಿದರು. ಕೌದಿ ಮುಗಿಸುವಾಗ ಅದರ ಹೊಟ್ಟೆ ಹಸಿದಿರಬಾರದೆಂದು ಒಂದು ತುತ್ತು ಒಳಗಿಟ್ಟು ಹೊಲಿಯುತ್ತಿದ್ದಳಂತೆ ಅವಳ ಅವ್ವ, ಈ ಚೀಲಗಳಿಗೆ ಆ ಚಿಂತೆಯಿಲ್ಲ, ಇವುಗಳ ಹೊಟ್ಟೆ ತುಂಬ ಹೊಟ್ಟೇ ಇದೆ ಎಂದು ನಗಿಸಿದಳು. ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಗೇಣು ಗಾಳಿ ಇರಲೇಬೇಕೆಂದು ಪೂಜಿತಾ ಏಣಿಯೇರಿ ತಾನೇ ಗೇಣಿಟ್ಟು ನೋಡಿದಳು. ಬಿದಿರು ಭಾರ ತಡೆಯುತ್ತದೋ ಎಂದು ತಿಪ್ಪೇಶ ಕೇಳಿದ್ದಕ್ಕೆ ಒಂದು ಚೌಕಟ್ಟಿನ ತೂಕ, ಒಂದು ಕೊಕ್ಕೆ ಹೊರುವ ತೂಕ ಎರಡನ್ನೂ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದಳು. ಗೋಣಿ ಕಂಡರೆ ಗೋದಾಮಿನಂತೆ ಕಾಣುತ್ತದೆ ಎಂದು ಎಲ್ಲದರ ಮೇಲೂ ಮತ್ತೆ ಕೌದಿ ಹೊದಿಸಿದರು. ರಂಗದ ಹಿಂದಿನ ಗೋಡೆಯೊಂದನ್ನು ಮಾತ್ರ ಹಾಗೇ ಬಿಡಬೇಕು, ಅದು ಹಾಡುವವರ ದನಿಯನ್ನು ಜನರ ಕಡೆಗೆ ತಳ್ಳುತ್ತದೆ ಎಂದು ಅವಳು ಹೇಳಿದಳು. ಈಶ್ವರ ಒದ್ದೆ ಬಟ್ಟೆ ತಂದು ಆ ಗೋಡೆಯನ್ನು ತಾನೇ ಒರೆಸಿದ.

ಈ ಸಲ ಅವಳು ಬಲೂನು ಒಡೆದು ಸುಮ್ಮನಾಗಲಿಲ್ಲ. ಮದ್ದಳೆ ಹೊಡೆಸಿ ಅಳೆದಳು. ಒಂದು ಮೂಲೆಯಲ್ಲಿ ಇನ್ನೂ ಗುಡುಗುತ್ತಿತ್ತು, ಅಲ್ಲಿಗೆ ಎರಡು ಚೀಲ ಹೆಚ್ಚು ಹಾಕಿಸಿ ಮತ್ತೆ ಅಳೆದಳು. ಫೋನಿನ ಪರದೆಯ ಮೇಲೆ ಗೆರೆ ಸರ್ರನೆ ಇಳಿದದ್ದು ಕಂಡಾಗ ಏಣಿಯ ಮೇಲೆಯೇ ಕೂಗಿಕೊಂಡಳು. ಆ ಕೂಗು ಒಂದೇ ಸಲ ಕೇಳಿಸಿತು.

ಭಾನುವಾರ ಸಂಜೆ ಜಡೆಪ್ಪ ಬಂದ. ಕೊಟ್ಟ ಮಾತಿಗೆ ಬಂದದ್ದಷ್ಟೇ. ಶುಕ್ರವಾರವೇ ಎಲ್ಲ ಮುಗಿದಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ತಾಲೀಮು ಮುಗಿದ ಮೇಲೆ ಪೇಟಿಯನ್ನು ಸುತ್ತಿಟ್ಟುಬಿಡಲು ಒಂದು ಪಂಚೆಯನ್ನೂ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಕೀಬೋರ್ಡಿನ ಹುಡುಗ ಹೊಸಪೇಟೆಯಿಂದ ಬಸ್ ಹತ್ತಿದ್ದಾನೆ ಎಂದು ಯಾರೋ ಹೇಳಿದರು. ಪೂಜಿತಾ ಕೊನೆಯ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿದ್ದಳು. ಲೆಕ್ಕ ಸರಿಯಿದೆ ಎಂದು ಗೊತ್ತು. ಆದರೆ ಲೆಕ್ಕಕ್ಕೆ ದೊಡ್ಡಪ್ಪನ ಕಿವಿ ಗೊತ್ತಿಲ್ಲ. ನಿಜವಾಗಿಯೂ ಕಿವಿಯೇ ಹೋಗಿದ್ದರೆ?

ಮದ್ದಳೆ ಬಿತ್ತು. ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಬಂದು ಹೋಯಿತು. ಜಡೆಪ್ಪ ತಲೆ ತಗ್ಗಿಸಿಕೊಂಡೇ ಪೇಟಿ ಎತ್ತಿದ. ರಾಜನ ಪ್ರವೇಶವಾಯಿತು, ತಿಪ್ಪೇಶ ಹೆಜ್ಜೆ ಹಾಕುತ್ತ ಬಂದು ದೊಡ್ಡ ದನಿಯಲ್ಲಿ ಪದ ಎತ್ತಿಕೊಂಡ. ಮೊದಲ ಸಾಲು, ಎರಡನೆಯ ಸಾಲು, ಹಿಮ್ಮೇಳ, ಮತ್ತೆ ಪದ. ಜಡೆಪ್ಪನ ಬೆರಳು ಎಲ್ಲೂ ಎಡವಲಿಲ್ಲ. ಅವನ ಹುಬ್ಬು ಮಾತ್ರ ಮೆಲ್ಲಗೆ ಗಂಟಿಕ್ಕತೊಡಗಿತು. ತಿಪ್ಪೇಶ ಮೂರನೆಯ ಸಾಲು ಮುಗಿಸುತ್ತಿದ್ದಂತೆ ಪೇಟಿ ನಿಂತಿತು.

ಪೂಜಿತಾ ಮುಂದಕ್ಕೆ ಬಾಗಿದಳು. ಎಲ್ಲರೂ ನಿಲ್ಲಿಸಿ ಜಡೆಪ್ಪನ ಕಡೆ ನೋಡಿದರು. ಅವನು ತಿಪ್ಪೇಶನನ್ನೇ ನೋಡುತ್ತಿದ್ದ.

"ಲೇ ತಿಪ್ಪೇಶಾ, ರಾಜನ ಆಸ್ಥಾನದಾಗ ಕುರೆಕುಪ್ಪ ಹೆಂಗ ಬಂತಲೇ?"

ತಿಪ್ಪೇಶನ ಮುಖ ಬಿಳಚಿಕೊಂಡಿತು. ಮೊದಲು ಏನೂ ಇಲ್ಲ ಮಾಸ್ತರೇ ಎಂದ. ಜಡೆಪ್ಪ ಬಿಡಲಿಲ್ಲ, ಆ ಸಾಲನ್ನು ತಾನೇ ಹಾಡಿ ತೋರಿಸಿದ. ಸಂಡೂರು, ತೋರಣಗಲ್ಲು, ಕುರೆಕುಪ್ಪ, ಎಲ್ಲವೂ ರಾಗವಾಗಿ, ತಾಳಕ್ಕೆ ಸರಿಯಾಗಿ. ಮೂರನೆಯ ಸಾಲು ಎಷ್ಟು ಉರುಹೊಡೆದರೂ ತಲೆಗೆ ಹತ್ತದೆ, ತಾನು ದಿನಾ ಲಾರಿ ಓಡಿಸುವ ದಾರಿಯ ಊರುಗಳ ಹೆಸರನ್ನು ಆ ಜಾಗಕ್ಕೆ ತುಂಬಿ ಹಾಡುತ್ತಿದ್ದೇನೆ ಎಂದು ತಿಪ್ಪೇಶ ತಲೆ ಕೆರೆಯುತ್ತ ಒಪ್ಪಿಕೊಂಡ. ಭವನದ ತುಂಬ ನಗೆ ಎದ್ದಿತು. ಮದ್ದಳೆಯವನು ಮದ್ದಳೆಯ ಮೇಲೆ ಬಿದ್ದು ನಕ್ಕ.

ಜಡೆಪ್ಪ ನಗಲಿಲ್ಲ. ಎಷ್ಟು ದಿನದಿಂದ ಹೀಗೆ ಹಾಡುತ್ತಿದ್ದೀ ಎಂದು ಕೇಳಿದ.

"ಒಳಗ ಬಂದಾಗಿಂದ್ರಿ ಮಾಸ್ತರೇ. ಯಾರಿಗೂ ಗೊತ್ತಾಗಿರಲಿಲ್ಲ."

ನಗು ನಿಂತಿತು. ಜಡೆಪ್ಪ ಮದ್ದಳೆಯವನನ್ನು ನೋಡಿದ, ತಾಳದವನನ್ನು ನೋಡಿದ, ಹಿಮ್ಮೇಳದವರನ್ನು ಒಬ್ಬೊಬ್ಬರಾಗಿ ನೋಡಿದ. ಒಬ್ಬೊಬ್ಬರಾಗಿ ಅವರು ಕಣ್ಣು ತಗ್ಗಿಸಿದರು. ಕೊನೆಗೆ ಮದ್ದಳೆಯವನೇ ಬಾಯಿಬಿಟ್ಟ. ಇಷ್ಟು ದಿನ ನಮಗ್ಯಾರಿಗೂ ಒಂದು ಅಕ್ಷರವೂ ಸರಿಯಾಗಿ ಕೇಳಿಸಿರಲಿಲ್ಲ, ಕೇಳಿಸುವುದಿಲ್ಲ ಎಂದರೆ ನಮ್ಮ ಕಿವಿಯೂ ಹೋಯಿತು ಅಂದಾರೆಂದು ಸುಮ್ಮನೆ ತಲೆ ಆಡಿಸುತ್ತಿದ್ದೆವು ಎಂದ.

ಜಡೆಪ್ಪ ಪೇಟಿಯಿಂದ ಕೈ ತೆಗೆದ. ಕಣ್ಣು ತುಂಬಿ ಬಂದಿತ್ತು, ಅದನ್ನು ಮುಚ್ಚಿಡಲು ಅವನು ಹೋಗಲೂ ಇಲ್ಲ. ಪೇಟಿ ಸುತ್ತಲು ತಂದಿದ್ದ ಪಂಚೆಯಿಂದಲೇ ಮುಖ ಒರೆಸಿಕೊಂಡ. ಕೊನೆಯ ಸಾಲಿನಲ್ಲಿ ಪೂಜಿತಾ ಅಪ್ಪನ ತೋಳು ಹಿಡಿದು ಬಿಕ್ಕಿಬಿಕ್ಕಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಈಶ್ವರನ ಬಿಳಿ ಅಂಗಿಯ ತೋಳು ಒದ್ದೆಯಾಯಿತು, ಅವನು ಕೊಡವಿಕೊಳ್ಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಮಾಸ್ತರನ ಬೈಗುಳ. ಮದ್ದಳೆಯ ಚರ್ಮ ಸಡಿಲವಾಗಿದೆ ಎಂದ, ತಾಳದವನು ಒಂದು ಚೂರು ಹಿಂದೆ ಬೀಳುತ್ತಾನೆ ಎಂದ, ಹಿಮ್ಮೇಳದಲ್ಲಿ ಒಬ್ಬರು ಹಾಡುವುದಿಲ್ಲ, ಬರೀ ಬಾಯಿ ಆಡಿಸುತ್ತಾರೆ ಎಂದು ಬೆರಳು ಮಾಡಿ ತೋರಿಸಿದ. ಬೈಸಿಕೊಂಡವರು ಒಬ್ಬೊಬ್ಬರೂ ಬಹುಮಾನ ಬಂದವರಂತೆ ಹಿಗ್ಗಿದರು. ಬಾಗಿಲಲ್ಲಿ ಕೀಬೋರ್ಡಿನ ಹುಡುಗ ಬಂದು ನಿಂತಿದ್ದ. ಅವನಿಗೆ ಚಹಾ ಕೊಡಿ, ಕೂತು ಕೇಳಲಿ ಎಂದು ಹೇಳಿ ಜಡೆಪ್ಪ ಪೇಟಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಮೊದಲಿಂದ ಹಿಡಿರಿ. ತಿಪ್ಪೇಶಾ, ಮೂರನೇ ಸಾಲು ನಾ ಹೇಳಿಕೊಡ್ತೀನಿ, ಹತ್ರ ಬಾ. ಪೂಜಿ, ನೀನೂ ಮುಂದ ಬಂದು ಕುಂದ್ರವ್ವಾ."